ಅರ್ಧ ಗಂಟೆಯ ಕಾವಲು

ಮೂಗಿನ ಪೈಪಿನಲ್ಲಿ ಊಟ ಕೊಡಬೇಕಾದ ರೋಗಿಯನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯ ಸಿಸ್ಟರ್ ಒಂದು ಮಾತನ್ನು ಎರಡೆರಡು ಸಲ ಹೇಳುತ್ತಾರೆ. ಗಂಜಿ ಹೋದ ತಕ್ಷಣ ಮಲಗಿಸಬಾರದು. ತಲೆ, ಎದೆ ಎತ್ತರಕ್ಕೇ ಇರಬೇಕು, ಕಡಿಮೆಯೆಂದರೂ ಅರ್ಧ ಗಂಟೆ. ಬೇಗ ಮಲಗಿಸಿದರೆ ಹೊಟ್ಟೆಗೆ ಹೋದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಇಳಿದರೆ ನ್ಯುಮೋನಿಯಾ. ಆ ಅರ್ಧ ಗಂಟೆ ಪಕ್ಕದಲ್ಲಿ ಯಾರಾದರೂ ಕೂತಿರಬೇಕು. ರೋಗಿ ಜಾರಬಾರದು, ಕೆಮ್ಮಿದರೆ ತಿಳಿಯಬೇಕು. ನನ್ನ ಮೊದಲ ಸಂಕಲನದ ಹೆಚ್ಚಿನ ಕಥೆಗಳು ಶುರುವಾದದ್ದು ಈ ಅರ್ಧ ಗಂಟೆಗಳಲ್ಲಿ. ಮುಗಿದದ್ದು ಮಾತ್ರ ಅವುಗಳಲ್ಲಿ ಅಲ್ಲ. ಅದು ಹೇಗೆ ಎನ್ನುವುದನ್ನೇ ಇಲ್ಲಿ ಬರೆಯಹೊರಟಿದ್ದೇನೆ.

2022ರ ಜೂನ್. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿತ್ತು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದ ಅತ್ತೆ ತುಳಸಿಕಟ್ಟೆಯ ಪಕ್ಕ ಕುಸಿದು ಕೂತಿದ್ದರು. ಬಾಯಿ ಒಂದು ಕಡೆಗೆ ವಾರೆಯಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ 60 ಕಿಲೋಮೀಟರ್ ದಾರಿ. ಆ ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿದೆ ಎಂದರು. ಜೀವ ಉಳಿಯಿತು. ಬಲಭಾಗದ ಸ್ವಾಧೀನ, ನುಂಗುವ ಶಕ್ತಿ, ಮಾತು ಮೂರೂ ಹೋದವು. ಹೇಳಿದ್ದು ಬಹಳಷ್ಟು ಅವರಿಗೆ ಅರ್ಥವಾಗುತ್ತದೆ, ತಿರುಗಿ ಹೇಳಲು ಮಾತ್ರ ಆಗುವುದಿಲ್ಲ ಎಂದು ಡಾಕ್ಟರು ತಿಳಿಸಿದರು. ಅತ್ತೆಯ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, ‘ಬಾ’. ನೋವಾದರೂ ಬಾ, ಬೆವರಿದರೂ ಬಾ, ಕಿಟಕಿ ಮುಚ್ಚಬೇಕಾದರೂ ಬಾ.

ನಾನು ಆಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಆ ವರ್ಷದ ಕೆಲಸಕ್ಕೆ ಹೋಗಲಿಲ್ಲ. ನನ್ನವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಪಿಯುಸಿ. ನಾದಿನಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ರಜೆ ಸಿಕ್ಕಾಗ ರಾತ್ರಿ ಬಸ್ಸಿಗೆ ಬಂದು ಮರುದಿನ ರಾತ್ರಿ ಬಸ್ಸಿಗೆ ಹೋಗುವಳು. ಹೋಂ ನರ್ಸ್ ಇಟ್ಟುಕೊಳ್ಳುವ ಅನುಕೂಲ ನಮಗಿರಲಿಲ್ಲ. ಹೀಗಾಗಿ ಅತ್ತೆಯನ್ನು ನೋಡಿಕೊಳ್ಳುವವಳು ನಾನೇ ಎಂದು ಯಾರೂ ತೀರ್ಮಾನ ಮಾಡಬೇಕಾಗಲಿಲ್ಲ.

ಅದಕ್ಕೆ ಮೊದಲು ನಾನು ಬರೆಯುತ್ತಿದ್ದೆ. ಮನೆಯವರೆಲ್ಲ ಏಳುವ ಮೊದಲು ಅಡುಗೆಮನೆಯ ಮೂಲೆಯಲ್ಲಿ ಕೂತರೆ ಒಂದು ಗಂಟೆ, ಕೆಲವು ದಿನ ಒಂದೂವರೆ ಗಂಟೆ ಸಿಗುತ್ತಿತ್ತು. ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಒಂದೆರಡು ಕಥೆ ಬಂದಿದ್ದವು. ಹಾಗೆ ಬಂದ ದಿನ ಅತ್ತೆ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಪೂರ್ತಿ ಓದಿ, ಪೇಪರ್ ಮಡಿಸಿ, “ಆ ಹುಡುಗಿಗೆ ಕಡೇಗೆ ಏನಾಯ್ತು ಅಂತ ಹೇಳ್ಬೇಕಿತ್ತು ಮಾರಾಯ್ತಿ” ಅನ್ನುತ್ತಿದ್ದರು. ಅವರು ಓದಿನ ಹುಚ್ಚಿದ್ದ ಹೆಂಗಸು. ಮದುವೆಯಾಗಿ ಬಂದ ಹೊಸದರಲ್ಲಿ, ತ್ರಿವೇಣಿಯವರ ಕಾದಂಬರಿಯನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟುಕೊಂಡು, ಒಲೆಯ ಮುಂದೆ ಕೂತಾಗ ಎರಡೆರಡು ಪುಟ ಓದಿ ಮುಗಿಸಿದ್ದನ್ನು ನನಗೆ ಹೇಳಿದ್ದರು. ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದವರೆನ್ನುವುದು ಅವರಿಗೆ ಸ್ವಂತ ಮನೆತನದ ಹೆಮ್ಮೆಯಾಗಿತ್ತು.

ಬೆಳಗಿನ ಜಾವದ ಆ ಒಂದು ಗಂಟೆ ಮೊದಲ ವಾರದಲ್ಲೇ ಹೋಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮಲಗಿದ ಮೈಯಲ್ಲಿ ಹುಣ್ಣು ಬೀಳುತ್ತದೆ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಹೀಗೆ ಎದ್ದವಳಿಗೆ ಐದು ಗಂಟೆಗೆ ಮತ್ತೆ ಎದ್ದು ಕೂತು ಕಥೆ ಬರೆಯುವ ತ್ರಾಣ ಎಲ್ಲಿಂದ ಬರಬೇಕು? ಕೂತು ನೋಡಿದೆ. ಪೆನ್ನು ಹಿಡಿದಲ್ಲೇ ಕಣ್ಣು ಎಳೆಯುತ್ತಿತ್ತು. ಬರೆದ ವಾಕ್ಯದ ಕರ್ತೃ ಯಾರು, ಕ್ರಿಯೆ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ನಿದ್ದೆಯಿಲ್ಲದ ತಲೆಯಲ್ಲಿ ಮೊದಲು ಕೆಡುವುದು ವಾಕ್ಯ. ಇದನ್ನು ನಾನು ಮೈಮೇಲೆ ಕಂಡುಕೊಂಡೆ.

ಊಟ ಕೊಡುವ ಕೆಲಸ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಶುರು, ಮೂರು ಗಂಟೆಗೊಮ್ಮೆ, ರಾತ್ರಿ ಒಂಬತ್ತಕ್ಕೆ ಕೊನೆಯದು. ರಾಗಿ ಗಂಜಿಯನ್ನೋ ಬೇಳೆ ಕಟ್ಟನ್ನೋ ನುಣ್ಣಗೆ ಮಾಡಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಉಗುರು ಬೆಚ್ಚಗೆ ಆರಿಸಬೇಕು. ಒಂದು ಚೂರು ಸಿಪ್ಪೆ ಉಳಿದರೂ ಪೈಪು ಕಟ್ಟುತ್ತದೆ. ಮಂಚದ ತಲೆಭಾಗ ಎತ್ತರಿಸಿ, ಬೆನ್ನಿಗೆ ದಿಂಬು ಕೊಟ್ಟು, ಸಿರಿಂಜಿನಲ್ಲಿ ಸ್ವಲ್ಪ ಎಳೆದು ನೋಡಬೇಕು. ಹೊಟ್ಟೆಯ ನೀರು ಬಂದರೆ ಪೈಪು ಜಾಗದಲ್ಲಿದೆ ಎಂದರ್ಥ, ಹಿಂದಿನ ಹೊತ್ತಿನ ಗಂಜಿಯೇ ಬಂದರೆ ಇನ್ನೂ ಅರಗಿಲ್ಲ ಎಂದರ್ಥ. ಆಮೇಲೆ ಸಿರಿಂಜಿನ ದಂಡ ತೆಗೆದು, ಬರೀ ಕೊಳವೆಯನ್ನು ಪೈಪಿಗೆ ಸಿಕ್ಕಿಸಿ ಎತ್ತರಕ್ಕೆ ಹಿಡಿದು 200 ಮಿಲಿಲೀಟರ್ ಗಂಜಿಯನ್ನು ತಾನಾಗಿ ಇಳಿಯಲು ಬಿಡಬೇಕು. ಒತ್ತಬಾರದು, ಅವಸರ ಮಾಡಬಾರದು. ಕೊನೆಗೆ ನೀರು ಬಿಟ್ಟು ಪೈಪು ತೊಳೆದು ಮುಚ್ಚಳ ಹಾಕಬೇಕು. ಅಲ್ಲಿಂದ ಅರ್ಧ ಗಂಟೆ ಕಾವಲು.

ಎಷ್ಟು ಗಂಜಿ ಹೋಯಿತು, ಯಾವ ಮಾತ್ರೆ ಪುಡಿ ಮಾಡಿ ಹಾಕಿದ್ದು, ಬ್ಯಾಗಿನಲ್ಲಿ ಮೂತ್ರ ಎಷ್ಟು ಇದೆಲ್ಲವನ್ನೂ ಬರೆದಿಡಲು ಹೇಳಿದ್ದರು. ಅದಕ್ಕೆ ಮಗನ ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಎಡಗಡೆಯ ಪುಟದಲ್ಲಿ ಲೆಕ್ಕ. ಒಂದು ದಿನ ಮಧ್ಯಾಹ್ನ ಕಾವಲು ಕೂತಾಗ ಬಲಗಡೆಯ ಖಾಲಿ ಪುಟದಲ್ಲಿ ಒಂದು ವಾಕ್ಯ ಬರೆದೆ. ರಾತ್ರಿ ಅಡಿಕೆ ಸುಲಿಯಲು ಬರುವ ಹೆಂಗಸೊಬ್ಬಳು ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂರುವಾಗ ತನ್ನ ಮಗುವನ್ನು ಗೋಣಿಚೀಲದ ಮೇಲೆ ಎಲ್ಲಿ ಮಲಗಿಸುತ್ತಾಳೆ ಎನ್ನುವ ವಾಕ್ಯ. ಚಿಕ್ಕಂದಿನಲ್ಲಿ ತವರಿನ ಚಪ್ಪರದಲ್ಲಿ ಕಂಡದ್ದು. ಮರುದಿನ ಇನ್ನೆರಡು ವಾಕ್ಯ ಸೇರಿದವು. ಪುಸ್ತಕ ತುಂಬುತ್ತಾ ಹೋಯಿತು. ಎಡಗಡೆ ‘12.00 ಗಂಜಿ 200, ನೀರು 50’, ಬಲಗಡೆ ಆ ಹೆಂಗಸು.

ಲೆಕ್ಕ ಹಾಕಿದರೆ ದಿನಕ್ಕೆ ಆರು ಸಲ ಊಟ, ಆರು ಅರ್ಧ ಗಂಟೆ, ಅಂದರೆ ಮೂರು ಗಂಟೆ. ಮೂರು ಗಂಟೆ ಸಿಗುವ ಬರಹಗಾರರು ಎಷ್ಟು ಜನರಿದ್ದಾರು? ಆದರೆ ಈ ಮೂರು ಗಂಟೆ ಆ ಮೂರು ಗಂಟೆಯಲ್ಲ. ಮೊದಲ ಐದಾರು ನಿಮಿಷ ಅತ್ತೆಯ ಉಸಿರಿನ ಮೇಲೇ ಗಮನ. ಆಮೇಲೆ ಪಾತ್ರದ ಹತ್ತಿರ ಹೋಗಬೇಕು, ನಿನ್ನೆ ಎಲ್ಲಿ ಬಿಟ್ಟಿದ್ದೆನೆಂದು ನೆನಪು ಮಾಡಿಕೊಳ್ಳಬೇಕು. ಹೆಂಗಸು ಬಾಯಿ ತೆರೆದು ಒಂದು ಮಾತಾಡುವಷ್ಟರಲ್ಲಿ ‘ಬಾ’. ಎದ್ದು ಸರಿ ಮಾಡಿ ಬಂದರೆ ಗ್ಯಾಸ್ ತಂದವನು ಗೇಟಿನ ಹತ್ತಿರ ಕೂಗುವನು, ಮಗನ ಫೋನು ಬರುವುದು, ಕುಕ್ಕರ್ ಕೂಗುವುದು. ಉಳಿದ ಹೊತ್ತಿನಲ್ಲಿ ಬರೆಯುವ ಕೈ ‘ಬಾ’ ಎನ್ನುವುದಕ್ಕೆ ಕಾಯುತ್ತಾ ಇರುತ್ತದೆ. ಕರೆ ಬಾರದಿದ್ದರೂ ಕಾಯುತ್ತದೆ. ಈ ಕಾಯುವಿಕೆಯೇ ದೊಡ್ಡ ಕಷ್ಟ. ಮನೆಯೊಳಗೆ ಬರೆಯುವ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅರ್ಧ ಗಂಟೆಯಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎನ್ನುವುದು ನಿಧಾನವಾಗಿ ತಿಳಿಯಿತು. ಒಂದು ಸಂಭಾಷಣೆ ಬರೆಯಬಹುದು. ಒಂದು ಅಂಗಳ, ಒಂದು ಮುಖ, ಹಂಡೆಯಲ್ಲಿ ಅಡಿಕೆ ಬೇಯುವಾಗ ಏಳುವ ಚೊಗರಿನ ವಾಸನೆ ಇಷ್ಟನ್ನು ಹಿಡಿಯಬಹುದು. ನಿನ್ನೆ ಬರೆದದ್ದರಲ್ಲಿ ಬೇಡದ ನಾಲ್ಕು ಪದ ಹೊಡೆದುಹಾಕಬಹುದು. ಆಗದ್ದು ಎಂದರೆ ಜೋಡಣೆ. ಕಥೆಯ ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ಮನಸ್ಸಿನಲ್ಲಿ ಹಿಡಿದು, ಇಲ್ಲಿ ಹೇಳಿದ್ದು ಅಲ್ಲಿಗೆ ಹೊಂದುತ್ತದೆಯೇ, ಈ ಹೆಂಗಸು ಹೀಗೆ ಮಾಡುವವಳೇ ಎಂದು ನೋಡುವುದು ಅರ್ಧ ಗಂಟೆಗಳಲ್ಲಿ ನನ್ನ ಕೈಲಿ ಒಮ್ಮೆಯೂ ಆಗಲಿಲ್ಲ. ಚೂರುಗಳು ಬೆಳೆಯುತ್ತಿದ್ದವು, ಕಥೆ ಆಗುತ್ತಿರಲಿಲ್ಲ. ದಿನಾ ಒಂದೇ ಹೊತ್ತಿಗೆ ಕೂತು ಬರೆಯಿರಿ, ಶಿಸ್ತು ಇರಲಿ ಎಂದು ಕಥಾ ಕಮ್ಮಟಗಳಲ್ಲಿ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಆ ಹೊತ್ತಿನಲ್ಲಿ ಮನೆಯ ಕೆಲಸ ಯಾರು ನೋಡಿಕೊಳ್ಳಬೇಕು ಎನ್ನುವುದನ್ನೂ ಅಲ್ಲೇ, ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅದನ್ನು ಬಿಟ್ಟರೆ ಆ ಉಪದೇಶ ಅರ್ಧ ಜನಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಕಾವಲು ಕೂತಾಗ ಅತ್ತೆ ನಿದ್ದೆ ಹೋದರೆ ಮೈ ಜಾರಿ ಕುತ್ತಿಗೆ ಬಗ್ಗುತ್ತಿತ್ತು. ಎಚ್ಚರವಾಗಿಡಲು ಏನಾದರೂ ಮಾತಾಡುತ್ತಿರಬೇಕಿತ್ತು. ಮಾತು ಖಾಲಿಯಾದ ಮೇಲೆ ಓದಲು ಹಿಡಿದೆ. ಮೊದಲು ಪೇಪರ್, ಆಮೇಲೆ ಅವರ ಕಪಾಟಿನಲ್ಲಿದ್ದ ಹಳೆಯ ಕಾದಂಬರಿಗಳು. ಇಂದಿರಾ ಅವರ ‘ಫಣಿಯಮ್ಮ’ ಇಡೀ ಓದಿದೆ. ಒಂದು ದಿನ ನಾನು ಬರೆದದ್ದನ್ನೇ ಓದಿದೆ. ಅತ್ತೆಯ ಎಡಗೈ ಮಂಚದ ಅಡ್ಡಪಟ್ಟಿಯನ್ನು ಎರಡು ಸಲ ತಟ್ಟಿತು. ಮುಂದೆ ಓದು ಎಂದೋ, ನಿಲ್ಲಿಸು ಎಂದೋ ತಿಳಿಯಲಿಲ್ಲ. ನಿಲ್ಲಿಸಿದೆ. ಅವರು ನನ್ನನ್ನೇ ನೋಡುತ್ತಾ ‘ಬಾ’ ಎಂದರು. ಮುಂದೆ ಓದಿದೆ. ಆಮೇಲೆ ಅದು ನಮ್ಮಿಬ್ಬರ ಪದ್ಧತಿಯಾಯಿತು. ಸಂಜೆ ಆರರ ಗಂಜಿಯ ನಂತರ, ಆ ದಿನ ಬರೆದದ್ದು ನಾಲ್ಕು ಸಾಲಾದರೂ ಓದಿಬಿಡುತ್ತಿದ್ದೆ. ಓದುವಾಗ ನನ್ನ ಕಿವಿಗೇ ಸರಿಬಾರದ ಕಡೆ ಗೊತ್ತಾಗುತ್ತಿತ್ತು. ಅತ್ತೆಗೆ ಎಷ್ಟು ಮುಟ್ಟುತ್ತಿತ್ತೋ ಹೇಳಲಾರೆ. ಆದರೆ ಅವರು ಆ ಹೊತ್ತಿನಲ್ಲಿ ಒಮ್ಮೆಯೂ ನಿದ್ದೆ ಹೋಗಲಿಲ್ಲ.

ಅವರ ಕಪಾಟಿನ ಆ ಪುಸ್ತಕಗಳನ್ನು ಬರೆದವರ ಬದುಕು ಆಗ ನನ್ನನ್ನು ಬಹಳ ಕಾಡಿತು. ತ್ರಿವೇಣಿ 1953ರಲ್ಲಿ ‘ಅಪಸ್ವರ’ ಪ್ರಕಟಿಸಿದವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ನಡುವಿನ ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಕೊಡಗಿನ ಗೌರಮ್ಮ 1939ರಲ್ಲಿ ನೀರಿನಲ್ಲಿ ಮುಳುಗಿ ಸತ್ತಾಗ ಅವರಿಗೆ ಇಪ್ಪತ್ತೇಳು. ‘ಕಂಬನಿ’ ಸಂಕಲನ ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ. ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದು, ತಾವೇ ಪ್ರಕಟಿಸಿ, ಆಮೇಲೆ ಬರೆಯುವುದನ್ನೇ ಬಿಟ್ಟು 1982ರವರೆಗೆ ಬದುಕಿದ್ದರು. ಮದುವೆಯಾದಾಗ ಹನ್ನೆರಡರ ಹುಡುಗಿಯಾಗಿದ್ದ ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತು ದಾಟಿ ಐದು ವರ್ಷಕ್ಕೆ. ‘ತುಂಗಭದ್ರಾ’ 1963ರಲ್ಲಿ ಬಂತು, ‘ಫಣಿಯಮ್ಮ’ 1976ರಲ್ಲಿ. ಇವರೆಲ್ಲ ದೊಡ್ಡವರು, ನಾನು ಅವರ ಸಾಲಿನವಳಲ್ಲ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇಂದಿರಾ ಬರೆಯಲು ಕೂರುವ ಮೊದಲಿನ ಮೂವತ್ತು ವರ್ಷ ಸಂಸಾರದ ನಡುವೆ ಎಷ್ಟನ್ನು ಮನಸ್ಸಿನಲ್ಲೇ ಬರೆದು ಅಲ್ಲೇ ಬಿಟ್ಟಿರಬಹುದು? ಅವರ ಹಾಗೆ ಮನಸ್ಸಿನಲ್ಲೇ ಬರೆದ ಎಷ್ಟೋ ಹೆಂಗಸರಲ್ಲಿ ನಲವತ್ತೈದಕ್ಕೂ ಕೂರಲಾಗದೆ ಹೋದವರು ಎಷ್ಟು?

2023ರ ಜುಲೈ ನಮಗೆ ಅತಿ ಕೆಟ್ಟ ತಿಂಗಳು. ನಮ್ಮ ಕಡೆ ಆ ಮಳೆಯಲ್ಲಿ ಮರ ಬಿದ್ದು ಲೈನು ಹರಿಯುವುದು ಪ್ರತಿ ವರ್ಷದ ಮಾತು. ಹೋದ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುವವರಿಲ್ಲ. ಅತ್ತೆಯ ಏರ್ ಬೆಡ್ಡಿಗೆ ಗಾಳಿ ತುಂಬುವ ಮೋಟಾರು ಕರೆಂಟಿಲ್ಲದೆ ನಿಂತರೆ ಹಾಸಿಗೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ಮನೆಯ ಯುಪಿಎಸ್ ರಾತ್ರಿಯಿಡೀ ಎಳೆಯುತ್ತಿರಲಿಲ್ಲ. ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ ಕೂತರೂ, ಬೆನ್ನುಮೂಳೆ ಮುಗಿಯುವಲ್ಲಿ ಮೊದಲು ಕೆಂಪಾಯಿತು, ಆಮೇಲೆ ಚರ್ಮ ಸುಲಿಯಿತು. ನಾಲ್ಕಾಣೆ ಅಗಲದ ಗಾಯ. ಬೆಳಿಗ್ಗೆ ಸಂಜೆ ಸಲೈನಿನಲ್ಲಿ ತೊಳೆದು ಡ್ರೆಸಿಂಗ್ ಮಾಡಬೇಕು. ಅದೇ ಗಡಿಬಿಡಿಯಲ್ಲಿ ಅತ್ತೆಗೆ ಜ್ವರ ಬಂತು, ಉಸಿರಿನಲ್ಲಿ ಗೊರಗೊರ ಶಬ್ದ. ಎದೆಯಲ್ಲಿ ಸೋಂಕು ಎಂದು ಮತ್ತೆ ಶಿವಮೊಗ್ಗಕ್ಕೆ ಕರೆದೊಯ್ದೆವು.

ಆ ದಿನಗಳಲ್ಲಿ ಬರವಣಿಗೆ ನಿಂತಿತು ಅನ್ನುವುದು ಸಣ್ಣ ಮಾತು. ಬರೆಯುವ ಆಸೆಯ ಮೇಲೇ ನನಗೆ ಸಿಟ್ಟು ಬಂದಿತ್ತು. ಬಲಗಡೆಯ ಪುಟ ಖಾಲಿ ಬಿಡುತ್ತಾ ಬಂದೆ. ಅಕ್ಕಪಕ್ಕದವರ ಮಾತು ಮೊದಲೇ ಕಿವಿಗೆ ಬಿದ್ದಿತ್ತು. ನೋಡಲು ಬಂದ ಸಂಬಂಧಿಕರೊಬ್ಬರು ಮಂಚದ ಮೇಲಿದ್ದ ಪುಸ್ತಕ ಕಂಡು, “ಮನೇಲಿ ಇಂಥ ಸ್ಥಿತಿ ಇರ್ಬೇಕಾದ್ರೆ ಕಥೆ ಬರಿಯಕ್ಕೆ ಮನಸಾದ್ರೂ ಹೇಗೆ ಬರತ್ತೆ” ಅಂದಿದ್ದರು. ಆ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಇಂಥ ಸ್ಥಿತಿಯಲ್ಲಿ ಮನಸ್ಸು ಕೆಡದೆ ಉಳಿಯಬೇಕಾದರೆ, ದಿನದಲ್ಲಿ ಎಲ್ಲೋ ಒಂದು ಕಡೆ ನಾನು ಸೊಸೆಯೂ ಅಲ್ಲದ, ತಾಯಿಯೂ ಅಲ್ಲದ ಜಾಗ ಬೇಕಿತ್ತು. ಬಲಗಡೆಯ ಪುಟ ಅದಾಗಿತ್ತು. ಅದು ಇದ್ದ ದಿನ ಅತ್ತೆಯ ಮೈ ಒರೆಸುವ ನನ್ನ ಕೈ ಹಗುರವಾಗಿರುತ್ತಿತ್ತು, ಇಲ್ಲದ ದಿನ ಬಿರುಸಾಗುತ್ತಿತ್ತು. ಇದನ್ನು ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಆಸ್ಪತ್ರೆಯಲ್ಲಿ ರೌಂಡ್ಸಿಗೆ ಬಂದ ಡಾಕ್ಟರು ಊಟದ ಲೆಕ್ಕ ಕೇಳಿದರು. ನೋಟ್‌ಬುಕ್ ಕೊಟ್ಟೆ. ಅವರು ಎಡಗಡೆ ನೋಡುತ್ತಾ ಪುಟ ತಿರುವಿದವರು ಬಲಗಡೆಗೆ ಕಣ್ಣು ಹಾಯಿಸಿ ನಿಂತರು.

“ಇದೇನಮ್ಮ?”

“ಕಥೆ ಸಾರ್.”

“ಯಾರು ಬರೆದಿದ್ದು?”

“ನಾನು.”

ಅವರು ಮತ್ತೊಂದು ಪುಟ ಓದಿದರು. “ಲೆಕ್ಕ ಚೆನ್ನಾಗಿ ಇಟ್ಟಿದ್ದೀರಿ” ಎಂದು ಪುಸ್ತಕ ಕೊಟ್ಟರು. ಹೊರಡುವಾಗ ನನ್ನವರ ಕಡೆ ತಿರುಗಿ, “ರಾತ್ರಿ ಪಾಳಿ ಯಾರದ್ದು? ಇವರೊಬ್ಬರದ್ದೇನಾ? ಇವರೂ ಮಲಗಿಬಿಟ್ಟರೆ ನಿಮ್ಮ ತಾಯಿಯನ್ನು ಯಾರು ನೋಡ್ತೀರಿ?” ಎಂದು ಕೇಳಿದರು. ನನ್ನವರು ಏನೂ ಹೇಳಲಿಲ್ಲ. ಆ ರಾತ್ರಿ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಅವರು ಆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದ್ದನ್ನು ಬಾಗಿಲಿನಿಂದ ನೋಡಿದೆ. ಎಡಗಡೆಯನ್ನೂ ಓದಿದರು, ಬಲಗಡೆಯನ್ನೂ ಓದಿದರು.

ನನ್ನವರು ಕೆಟ್ಟವರಲ್ಲ. ಅಮ್ಮನ ಖರ್ಚಿಗೆ ಸಾಲ ಮಾಡಿ ಒಬ್ಬರೇ ತೀರಿಸುತ್ತಿದ್ದರು, ಅಡಿಕೆ ಸುಗ್ಗಿಯಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲು ಮಂಡಿಯಿಂದ ಬಿಡುಗಡೆ ಇರಲಿಲ್ಲ. ನಾನು ಬರೆಯುವುದು ಬೇಡ ಎಂದು ಅವರು ಯಾವತ್ತೂ ಹೇಳಿದವರಲ್ಲ. ಬರೆಯಲು ಹೊತ್ತು ಬೇಕು ಎನ್ನುವುದು ಅವರ ಯೋಚನೆಗೆ ಬಂದಿರಲಿಲ್ಲ, ಅಷ್ಟೆ. ಊರಿಗೆ ಮರಳಿದ ಮೇಲೆ ಒಂದು ದಿನ ಊಟಕ್ಕೆ ಬಡಿಸುವಾಗ ಅವರೇ ಕೇಳಿದರು. “ನಿಂಗೆ ಏನಾಗ್ಬೇಕು ಹೇಳು.”

ನನಗೆ ಬೇಕಾದದ್ದು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಮಗನಿಗೆ ಫೀಸು ಬೇಕು ಎನ್ನುವಷ್ಟು ಸಲೀಸಾಗಿ, ಅತ್ತೆಗೆ ಹೊಸ ಪೈಪು ಬೇಕು ಎನ್ನುವಷ್ಟು ಸಲೀಸಾಗಿ, ನನಗೆ ಮೂರು ಗಂಟೆ ಬೇಕು ಎಂದು ಹೇಳಲು ಆಗುವುದಿಲ್ಲ. ಮೂರು ಗಂಟೆ ಯಾತಕ್ಕೆ ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಕೊನೆಗೆ ಹೇಳಿದೆ: “ವಾರಕ್ಕೆ ಎರಡು ಸಂಜೆ, ಆರರಿಂದ ಒಂಬತ್ತು. ಆ ಹೊತ್ತಲ್ಲಿ ಅತ್ತೆ ಕರೆದ್ರೂ ನಾ ಬರಲ್ಲ. ನೀವಿಬ್ರೂ ನೋಡ್ಕೊಳ್ಬೇಕು.”

“ಪೈಪಲ್ಲಿ ಹಾಕೋದು ನಂಗೆ ಬರಲ್ಲ ಮಾರಾಯ್ತಿ, ಹೆದರಿಕೆ ಆಗತ್ತೆ.”

“ನಂಗೂ ಬರ್ತಿರಲಿಲ್ಲ. ಕಲಿತೆ.”

ಮಗ ಪಕ್ಕದಲ್ಲೇ ಉಣ್ಣುತ್ತಿದ್ದ. “ಅಮ್ಮಾ, ನಾ ಕಲಿತೀನಿ, ತೋರ್ಸು” ಅಂದ. ಮರುದಿನ ಮಧ್ಯಾಹ್ನ ತೋರಿಸಿದೆ. ಸಿರಿಂಜ್ ಎತ್ತರಕ್ಕೆ ಹಿಡಿದು ಅವನು ಗಂಜಿ ಇಳಿಯುವುದನ್ನೇ ನೋಡುತ್ತಾ ನಿಂತ. ಎಷ್ಟು ಎತ್ತರ ಮಾಡಿದರೆ ಎಷ್ಟು ಬೇಗ ಇಳಿಯುತ್ತದೆ ಎನ್ನುವುದನ್ನು ಅವನು ನನಗಿಂತ ಬೇಗ ಕಂಡುಕೊಂಡ. ಅವನ ಅಪ್ಪ ಎರಡು ವಾರ ತೆಗೆದುಕೊಂಡರು. ಅಡಿಕೆಯ ರಾಶಿಯ ಮುಂದೆ ನಿಂತು ಯಾವುದು ಯಾವ ದರ್ಜೆಯದೆಂದು ಒಂದೇ ನೋಟಕ್ಕೆ ಹೇಳಬಲ್ಲವರು ಆ ಸಣ್ಣ ಪೈಪಿನ ಮುಚ್ಚಳ ತೆಗೆಯಲು ಬೆವರುತ್ತಿದ್ದರು. ಆದರೆ ಕಲಿತರು. ತಾಯಿಯ ಬಾಯಿ ಒರೆಸುವುದನ್ನು, ಮೂತ್ರದ ಬ್ಯಾಗು ಖಾಲಿ ಮಾಡುವುದನ್ನು, ಮಗ್ಗುಲು ಬದಲಿಸುವಾಗ ಹೊದಿಕೆಯ ಎರಡು ತುದಿ ಹಿಡಿದು ಉರುಳಿಸುವುದನ್ನೂ ಕಲಿತರು.

ಮೊದಲ ಸಂಜೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಒಂದು ಅಕ್ಷರವೂ ಆಗಲಿಲ್ಲ. ಗೋಡೆಯ ಆಚೆಯಿಂದ ‘ಬಾ’ ಕೇಳಿಸಿತು. ಮೈ ತಾನಾಗಿ ಎದ್ದು ನಿಂತಿತು. ಮಗನ ದನಿ ಕೇಳಿತು, “ಬಂದೆ ಅಜ್ಜಿ.” ಕೂತೆ. ಮತ್ತೆ ‘ಬಾ’. ಮತ್ತೆ “ಬಂದೆ ಅಜ್ಜಿ.” ಹೀಗೆ ಮೂರು ಗಂಟೆ ಕಳೆಯಿತು. ಎರಡನೆಯ ಸಂಜೆಯೂ ಹೆಚ್ಚುಕಡಿಮೆ ಹಾಗೇ. ಹೊರಗಿನ ಸದ್ದು ನನ್ನದಲ್ಲ ಎಂದು ಮನಸ್ಸು ಒಪ್ಪಿಕೊಳ್ಳಲು ಕೆಲವು ವಾರ ಬೇಕಾದವು. ಒಪ್ಪಿದ ಮೇಲೆ ಆದದ್ದನ್ನು ನಾನು ಬದುಕಿನಲ್ಲಿ ಮರೆಯಲಾರೆ. ನೋಟ್‌ಬುಕ್ಕಿನ ಬಲಗಡೆಯ ಪುಟಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. ಒಂದು ವರ್ಷದಿಂದ ಸೇರಿದ್ದ ಚೂರುಗಳು. ಅಡಿಕೆ ಸುಲಿಯುವ ಹೆಂಗಸು ಮಗುವನ್ನು ಮಲಗಿಸುವುದು ಮೊದಲಲ್ಲ, ಕೊನೆ ಎಂದು ಆ ಸಂಜೆ ಗೊತ್ತಾಯಿತು. ಅಷ್ಟು ಗೊತ್ತಾದದ್ದೇ ತಡ, ಎಲ್ಲಿಯದು ಎಲ್ಲಿಗೆ ಎಂದು ತಾನಾಗಿ ತಿಳಿಯುತ್ತಾ ಹೋಯಿತು. ಒಂಬತ್ತರ ಗಂಜಿಗೆ ನನ್ನವರು ಬಾಗಿಲು ತಟ್ಟಿದಾಗ ಕಥೆ ಮುಗಿದಿರಲಿಲ್ಲ. ಆದರೆ ಅದು ಮುಗಿಯುತ್ತದೆ ಎನ್ನುವುದು ನಿಶ್ಚಯವಾಗಿತ್ತು.

ಆ ಕಥೆ ಮುಗಿದ ಸಂಜೆ ಅತ್ತೆಗೆ ಪೂರ್ತಿ ಓದಿದೆ. ಆ ಹೆಂಗಸಿಗೆ ಕಡೆಗೆ ಏನಾಯಿತು ಎನ್ನುವುದು ಈ ಸಲ ಕಥೆಯಲ್ಲೇ ಇತ್ತು.

ಅತ್ತೆ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಬೆನ್ನಿನ ಗಾಯ ಅಷ್ಟರಲ್ಲಿ ಪೂರ್ತಿ ಮಾಗಿತ್ತು, ಅದೊಂದು ನನಗೆ ಸಮಾಧಾನ. ಅವರು ಹೋದ ಮೇಲೆ ದಿನವೆಲ್ಲ ಖಾಲಿಯಾಯಿತು. ಬೇಕಾದಷ್ಟು ಹೊತ್ತು ಸಿಕ್ಕಿತು, ಆದರೆ ಮಳೆಗಾಲ ಬರುವವರೆಗೂ ನನ್ನಿಂದ ಏನೂ ಬರೆಯಲಾಗಲಿಲ್ಲ. ಕೈ ಮೂರು ಗಂಟೆಗೊಮ್ಮೆ ಗಂಜಿಯ ಪಾತ್ರೆ ಹುಡುಕುತ್ತಿತ್ತು. ಮತ್ತೆ ಬರೆಯತೊಡಗಿದ್ದು ಹೈಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ.

ಸಂಕಲನ ಮಾಡುವ ಹೊತ್ತಿಗೆ ನನಗೆ ನಲವತ್ತಾರು. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ, ಅದಕ್ಕೆ 35ರ ಮಿತಿ. ಯುವಕರಿಗೆ ಪ್ರೋತ್ಸಾಹ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಹೆಂಗಸರ ಮೊದಲ ಪುಸ್ತಕ ಎಷ್ಟೋ ಸಲ ಬಾಣಂತನ, ಮಕ್ಕಳ ಪರೀಕ್ಷೆ, ಹಿರಿಯರ ಹಾಸಿಗೆ ಇವೆಲ್ಲ ದಾಟಿದ ಮೇಲೆ ಬರುತ್ತದೆ. ಇಂದಿರಾ ಅವರ ಮೊದಲ ಕಾದಂಬರಿಯನ್ನೇ ಆ ಮಿತಿಯಲ್ಲಿಟ್ಟು ನೋಡಿದರೆ ಅವರು ಹತ್ತು ವರ್ಷಕ್ಕೂ ಹೆಚ್ಚು ತಡ. ಅಕಾಡೆಮಿಗಳು, ಸಂಘಗಳು ವಯಸ್ಸು ನೋಡದೆ ಮೊದಲ ಪುಸ್ತಕಕ್ಕೇ ಕೊಡುವ ನೆರವು ಹೆಚ್ಚಾಗಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅನುವಾದಿಸಿದ ಆ ಪುಸ್ತಕದ ಹನ್ನೆರಡು ಕಥೆಗಳು ಮೂವತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ ಬರೆದವು ಎಂದು ಓದಿದಾಗ ನನಗೆ ಬಂದ ಧೈರ್ಯ ಅಷ್ಟಿಷ್ಟಲ್ಲ. ನಿಧಾನವಾಗಿ ಬರೆದದ್ದು ಕಡಿಮೆಯದಲ್ಲ.

ಈಗಲೂ ನಮ್ಮ ಮನೆಯಲ್ಲಿ ಆ ಎರಡು ಸಂಜೆ ಹಾಗೇ ಇವೆ. ಮಗ ಈಗ ಮಂಗಳೂರಿನಲ್ಲಿ ಓದುತ್ತಿದ್ದಾನೆ. ಆ ಸಂಜೆಗಳಲ್ಲಿ ಅಡುಗೆ ನನ್ನವರದ್ದು. ಬಂದವರನ್ನು ಮಾತಾಡಿಸುವುದು, ಫೋನು ತೆಗೆಯುವುದು, ಹಾಲಿನವರಿಗೆ ದುಡ್ಡು ಕೊಡುವುದು ಅವರದ್ದೇ. ಬರೆದದ್ದನ್ನು ಅವರು ಎಲ್ಲ ಸಲವೂ ಓದುವುದಿಲ್ಲ, ಓದಬೇಕೆಂದು ನಾನೂ ಕೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ಬರೆಯುವವರು ಒಬ್ಬರಿದ್ದರೆ, ಅವರನ್ನು ಹೊಗಳುವುದು ಆಮೇಲಾಗಲಿ. ಅವರು ದಿನಾ ಮಾಡುವ ಕೆಲಸಗಳಲ್ಲಿ ನಿಮಗೆ ಬಾರದ ಒಂದನ್ನು ಈ ವಾರ ಕಲಿಯಿರಿ, ಬರುವ ವಾರದಿಂದ ಅದನ್ನು ಅವರ ಕೈಯಿಂದ ತೆಗೆದುಕೊಳ್ಳಿ.